ಚಾರ್ಟ್ ಪೇಪರ್ ಬಿಡಿ, ಅರ್ಜಿ ಬರೆಸಿ: ಹೈಸ್ಕೂಲಲ್ಲಿ ಪೌರತ್ವ, ಆರೋಗ್ಯ, ಜೀವನ ಕೌಶಲದ ಪ್ರಾಜೆಕ್ಟ್ ಮಾಡಿಸೋದು ಹೇಗೆ

ಹೈಸ್ಕೂಲ್ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಎಸ್‌ಡಿಎಂಸಿಯಲ್ಲಿ (ಪೋಷಕರಿರೋ ಶಾಲಾಭಿವೃದ್ಧಿ ಸಮಿತಿ) ಸ್ವಲ್ಪ ಆಸಕ್ತಿ ಇಟ್ಕೊಂಡಿರೋ ಪೋಷಕರಿಗೆ ಬರೀತಿರೋದು ಇದು. ಪ್ರಾಜೆಕ್ಟ್ ಅಂದ ತಕ್ಷಣ ನಮ್ಮಲ್ಲಿ ಏನಾಗತ್ತೆ ಗೊತ್ತಲ್ಲ, ಮಗು ಸ್ಟೇಷನರಿ ಅಂಗಡಿಗೆ ಓಡಿಹೋಗಿ ಚಾರ್ಟು, ಸ್ಕೆಚ್ ಪೆನ್ನು, ಚಿತ್ರದ ಶೀಟು ತರತ್ತೆ, ಮನೇಲಿ ಅಕ್ಕನೋ ಅಮ್ಮನೋ ಕೂತು ಅಂಟಿಸಿ ಕೊಡ್ತಾರೆ, ನಾವು ಒಂದು ಸೈನ್ ಹಾಕಿ ಮಾರ್ಕ್ಸ್ ಕೊಡ್ತೀವಿ, ಆಮೇಲೆ ಅದು ಸ್ಟಾಫ್ ರೂಮಿನ ಬೀರು ಮೇಲೆ ಸುತ್ಕೊಂಡು ಕೂರತ್ತೆ. ಮಗು ಕಲಿತಿದ್ದು ಫೆವಿಕಾಲ್ ಎಷ್ಟು ಹಾಕಬೇಕು ಅನ್ನೋದು ಮಾತ್ರ.

ನಾನು ಹೇಳೋದು ಒಂದೇ ರೂಲ್. ಪ್ರಾಜೆಕ್ಟ್ ಶುರು ಮಾಡೋಕೆ ಮುಂಚೆ ಮಕ್ಕಳನ್ನ ಕೂರಿಸ್ಕೊಂಡು ಕೇಳಿ, "ಇದನ್ನ ಕೊನೆಗೆ ಯಾರ ಕೈಗೆ ಕೊಡ್ತೀರಿ?" ಅಂತ. ಉತ್ತರ "ನಿಮಗೆ ಸಾರ್" ಅಂತ ಬಂದ್ರೆ ಆ ವಿಷಯ ಬಿಟ್ಟಾಕಿ. ಗ್ರಾಮ ಪಂಚಾಯ್ತಿ ಅಧಿಕಾರಿ ಪಿಡಿಓಗೆ, ಬಸ್ ಡಿಪೋ ಮ್ಯಾನೇಜರ್‌ಗೆ, ಬಿಸಿಯೂಟದ ಅಕ್ಕನಿಗೆ, ಆಶಾ ಕಾರ್ಯಕರ್ತೆಗೆ, ಮನೇಲಿರೋ ಅಜ್ಜಿಗೆ, ಹೀಗೆ ಸ್ಕೂಲಿನ ಮಾರ್ಕ್ಸಿಗೂ ತಮಗೂ ಸಂಬಂಧ ಇಲ್ಲದ ಒಬ್ಬ ಮನುಷ್ಯರ ಕೈಗೆ ಹೋಗ್ಬೇಕು. ಇದೊಂದು ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲ ಇದರ ಹಿಂದೇನೇ ಬರತ್ತೆ.

ಪಿರಿಯಡ್ ಎಲ್ಲಿಂದ ತರೋದು

ಮೊದಲನೇ ಮಾತು, 9ನೇ ಕ್ಲಾಸ್ ಹಿಡೀರಿ. 10ನೇ ಕ್ಲಾಸಿನ ತಂಟೆಗೆ ಹೋಗ್ಬೇಡಿ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಅಂತ ಬಿಇಓ ಆಫೀಸಿಂದ ಹಿಡಿದು ಅಪ್ಪ ಅಮ್ಮನವರೆಗೂ ಎಲ್ಲರೂ ಮೈಮೇಲೆ ಬೀಳ್ತಾರೆ. 8ನೇ ಕ್ಲಾಸಿಗೆ ಬೇರೆ ಬೇರೆ ಪ್ರೈಮರಿ ಸ್ಕೂಲಿಂದ ಬಂದಿರೋ ಮಕ್ಕಳು, ಇನ್ನೂ ಒಬ್ಬರಿಗೊಬ್ಬರು ಹೊಂದ್ಕೊಂಡಿರಲ್ಲ.

ನಮ್ಮ ಸ್ಟೇಟ್ ಸಿಲಬಸ್‌ನಲ್ಲಿ ಇದಕ್ಕೆ ಅಂತಾನೇ ಒಂದು ಐಚ್ಛಿಕ ವಿಷಯ ಇಲ್ಲ, ಆದ್ರೆ ಜಾಗ ಇದೆ. ಎಫ್‌ಎ (ವರ್ಷದ ನಡುನಡುವೆ ಮಾಡೋ ಮೌಲ್ಯಮಾಪನ) ಚಟುವಟಿಕೆ ಹೆಂಗೂ ಮಾಡಿಸಲೇಬೇಕು, ಅದನ್ನೇ ಇಲ್ಲಿಗೆ ತಿರುಗಿಸಿ. ಟೈಮ್‌ಟೇಬಲ್‌ನಲ್ಲಿ ಎಸ್‌ಯುಪಿಡಬ್ಲ್ಯೂ (ಸಮಾಜಕ್ಕೆ ಉಪಯೋಗ ಆಗೋ ಕೈಕೆಲಸ) ಅಂತ ಒಂದು ಪಿರಿಯಡ್ ಹೆಸರಿಗೆ ಇರತ್ತೆ, ಅದನ್ನ ಗಣಿತದ ಮೇಷ್ಟ್ರು ನುಂಗೋಕೆ ಮುಂಚೆ ನೀವು ಕೇಳ್ಕೊಳ್ಳಿ. ಬ್ಯಾಗ್ ಇಲ್ಲದ ಶನಿವಾರ ನಿಮ್ಮಲ್ಲಿ ನಡೀತಿದ್ರೆ ಅದು ಊರೊಳಗೆ ಹೋಗಿ ಬರೋಕೆ ಹೇಳಿ ಮಾಡಿಸಿದ ದಿನ. ವಾರಕ್ಕೆ ಒಂದು ಪಿರಿಯಡ್, ತಿಂಗಳಿಗೆ ಒಂದು ಶನಿವಾರ ಸಿಕ್ಕಿದ್ರೆ ಸಾಕೇ ಸಾಕು. ಒಂದು ಪ್ರಾಜೆಕ್ಟಿಗೆ ಎಂಟರಿಂದ ಹತ್ತು ವಾರ ಇಟ್ಕೊಳ್ಳಿ, ಜೂನ್ ಕೊನೇಲಿ ಶುರು ಮಾಡಿದ್ರೆ ದಸರಾ ರಜೆಗೆ ಮುಂಚೆ ಒಂದು ಮುಗಿಯತ್ತೆ, ನವೆಂಬರ್‌ನಲ್ಲಿ ಇನ್ನೊಂದು.

ಆಯ್ಕೆ ಅನ್ನೋದನ್ನ ನಿಜವಾಗ್ಲೂ ಆಯ್ಕೆ ಆಗಿಸಿ. ಪೌರತ್ವ, ಆರೋಗ್ಯ, ಜೀವನ ಕೌಶಲ ಅಂತ ಮೂರು ಹೆಸರು ಬೋರ್ಡ್ ಮೇಲೆ ಬರೆದು ಕೈ ಎತ್ತಿಸಿದ್ರೆ ಹುಡುಗೀರೆಲ್ಲ ಒಂದು ಕಡೆ ಹುಡುಗ್ರೆಲ್ಲ ಒಂದು ಕಡೆ, ಕ್ಲಾಸ್ ಲೀಡರ್ ಎಲ್ಲಿಗೆ ಹೋಗ್ತಾನೋ ಅಲ್ಲಿಗೆ ಅರ್ಧ ಕ್ಲಾಸ್. ಅದಕ್ಕೆ ಚೀಟಿ ಕೊಡಿ, ಮೊದಲನೇ ಆಯ್ಕೆ ಎರಡನೇ ಆಯ್ಕೆ ಬರೆಸಿ, ಯಾಕೆ ಅಂತ ಒಂದು ಸಾಲು ಬರೆಸಿ, ನೀವೇ ಕೂತು ಐದೈದು ಮಕ್ಕಳ ತಂಡ ಮಾಡಿ. ಮಾತಾಡೋ ಮಗು ಒಂದು, ಬರೆಯೋ ಮಗು ಒಂದು, ಲೆಕ್ಕ ಬರೋ ಮಗು ಒಂದು, ಊರೆಲ್ಲ ಗೊತ್ತಿರೋ ಮಗು ಒಂದು, ಮತ್ತೆ ಯಾವಾಗಲೂ ಕೊನೇ ಬೆಂಚಲ್ಲಿ ಸುಮ್ನಿರೋ ಮಗು ಒಂದು. ಎಲ್ಲಾ ತಂಡದಲ್ಲೂ ಹುಡುಗ್ರು ಹುಡುಗೀರು ಇಬ್ಬರೂ ಇರ್ಲಿ, ಮೊದಲ ವಾರ ಮುಜುಗರ ಪಟ್ಕೋತಾರೆ, ಆಮೇಲೆ ಸರಿ ಹೋಗತ್ತೆ.

ವಿಷಯ ಚಿಕ್ಕದಾಗಿಸೋದು

"ಪರಿಸರ ಮಾಲಿನ್ಯ", "ಆರೋಗ್ಯವೇ ಭಾಗ್ಯ", "ಮತದಾನದ ಮಹತ್ವ", ಇವೆಲ್ಲ ಪ್ರಬಂಧಕ್ಕೆ ಸರಿ. ಪ್ರಾಜೆಕ್ಟಿಗೆ ಬೇಕಾಗಿರೋದು ಒಂದು ಪ್ರಶ್ನೆ, ಅದಕ್ಕೆ ಊರೊಳಗೆ ಓಡಾಡಿದ್ರೆ ಮಾತ್ರ ಉತ್ತರ ಸಿಗ್ಬೇಕು, ಗೂಗಲ್‌ನಲ್ಲಿ ಸಿಗಬಾರದು. ನಮ್ಮ ಸ್ಕೂಲಿನ ಸಿಂಟೆಕ್ಸ್ ಕೊನೇ ಸಲ ತೊಳೆದಿದ್ದು ಯಾವಾಗ? ನಮ್ಮ ಬೀದಿಯ ಎಷ್ಟನೇ ನಂಬರ್ ಕಂಬದಲ್ಲಿ ಲೈಟಿಲ್ಲ? ಬೆಳಗ್ಗೆ ಬಸ್ ವಾರದಲ್ಲಿ ಎಷ್ಟು ದಿನ ನಿಲ್ಲಿಸ್ದೆ ಹೋಗತ್ತೆ? ಸೋಮವಾರ ಕೊಡೋ ಮಾತ್ರೆಯನ್ನ ನಿಜವಾಗಿ ನುಂಗೋರು ಎಷ್ಟು ಜನ? ಇಷ್ಟು ಚಿಕ್ಕದಿರಬೇಕು. ಮಕ್ಕಳು ಮೊದಲು ದೊಡ್ಡದೇ ಹೇಳ್ತಾರೆ, "ಸಾರ್ ನಾವು ಭ್ರಷ್ಟಾಚಾರ ಮಾಡ್ತೀವಿ" ಅಂತ ಒಬ್ಬ ಎದ್ದು ನಿಂತು ಹೇಳಿದ್ರೆ ಕ್ಲಾಸೆಲ್ಲ ನಗಾಡತ್ತೆ, ನಗಾಡ್ಲಿ ಬಿಡಿ, ಅಲ್ಲಿಂದಲೇ ಕೇಳ್ತಾ ಕೇಳ್ತಾ ಕೆಳಗಿಳಿಸಿ, ಎಲ್ಲಿ ನೋಡಿದೆ, ಯಾವಾಗ ನೋಡಿದೆ, ನಿಂಗೇನು ತೊಂದ್ರೆ ಆಯ್ತು ಅಂತ.

ಪೌರತ್ವ: ಬಸ್ಸಿಂದ ಶುರು ಮಾಡಿ

ಸಮಾಜ ವಿಜ್ಞಾನದ ಪುಸ್ತಕದಲ್ಲಿ ಮೂಲಭೂತ ಕರ್ತವ್ಯ ಹನ್ನೊಂದು, 51ಎ ವಿಧಿ, 1976ರ 42ನೇ ತಿದ್ದುಪಡಿ, ಇದೆಲ್ಲ ಮಕ್ಕಳು ಬಾಯಿಪಾಠ ಮಾಡಿರ್ತಾರೆ. ಬೆಳಗ್ಗೆ ಪ್ರಾರ್ಥನೇಲಿ ಸಂವಿಧಾನದ ಪೀಠಿಕೆಯನ್ನೂ ಓದ್ತಾರೆ. ಆದ್ರೆ ಒಂದು ಸರ್ಕಾರಿ ಆಫೀಸಿನ ಬಾಗಿಲು ದಾಟಿ ಒಳಗೆ ಹೋಗಿ "ನಮಸ್ಕಾರ ಸಾರ್, ಒಂದು ಅರ್ಜಿ ಕೊಡಬೇಕಿತ್ತು" ಅನ್ನೋಕೆ ಬಾಯಿ ಬರಲ್ಲ, ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಎಷ್ಟೋ ದೊಡ್ಡೋರಿಗೂ ಬರಲ್ಲ.

ಬಸ್ ವಿಷಯ ಯಾಕೆ ಒಳ್ಳೇದು ಅಂದ್ರೆ ಅದು ಮಕ್ಕಳದ್ದೇ ಕಷ್ಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ರೂಟಲ್ಲಿ ರಶ್ ಇದೆ, ಹುಡುಗೀರಿಗೆ ಟಿಕೆಟ್ ಫ್ರೀ, ಹುಡುಗ್ರ ಹತ್ರ ಪಾಸ್ ಇರತ್ತೆ, ಆದ್ರೆ ಬಸ್ ನಿಂತ್ರೆ ತಾನೇ ಹತ್ತೋದು. ಸ್ಟಾಪಲ್ಲಿ ನಿಲ್ಲೋ ಇಬ್ಬರು ಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟು ಗೀಟು ಹಾಕಿಸಿ: ತಾರೀಖು, ಬರಬೇಕಾಗಿದ್ದ ಟೈಮು, ಬಂದ ಟೈಮು, ನಿಲ್ಲಿಸಿದ್ರಾ ಇಲ್ವಾ, ಹತ್ತೋಕಾಗದೆ ಉಳಿದ ಮಕ್ಕಳೆಷ್ಟು, ಮೊದಲ ಪಿರಿಯಡ್‌ಗೆ ಎಷ್ಟು ನಿಮಿಷ ಲೇಟು. ಎರಡು ವಾರ ಬರೀಲಿ. ಒಂದು ದಿನ ಮರೆತ್ರೆ ಆ ದಿನ ಖಾಲಿ ಬಿಡ್ಲಿ, ಆಮೇಲೆ ನೆನಪು ಮಾಡ್ಕೊಂಡು ತುಂಬಿಸೋದು ಬೇಡ, ಇದನ್ನ ಖಡಾಖಂಡಿತವಾಗಿ ಹೇಳಿ.

ಆಮೇಲೆ ಅರ್ಜಿ. ಕನ್ನಡ ಪರೀಕ್ಷೇಲಿ ಪತ್ರ ಲೇಖನ ಬರತ್ತೆ ಅಂತ "ಇವರಿಂದ, ಇವರಿಗೆ, ಮಾನ್ಯರೇ, ವಿಷಯ" ಎಲ್ಲಾ ಗೊತ್ತು, ಆದ್ರೆ ಮೊದಲ ಸಲ ಬರೆದಾಗ ಹಿಂಗೇ ಬರೀತಾರೆ: "ನಮ್ಮ ಊರಿಗೆ ಬಸ್ ಸರಿಯಾಗಿ ಬರುವುದಿಲ್ಲ. ಇದರಿಂದ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗಿದೆ. ದಯವಿಟ್ಟು ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಇದನ್ನ ಓದಿ ಡಿಪೋ ಮ್ಯಾನೇಜರ್ ಏನು ಮಾಡೋಕಾಗತ್ತೆ ಹೇಳಿ, ಯಾವ ಬಸ್ಸು, ಯಾವತ್ತು, ಎಷ್ಟು ಹೊತ್ತಿಗೆ ಅಂತಾನೇ ಇಲ್ಲ. ನೋಟ್‌ಬುಕ್ ಪಕ್ಕದಲ್ಲಿ ಇಟ್ಕೊಂಡು ಮತ್ತೆ ಬರೆಸಿ. ಉದಾಹರಣೆಗೆ ಹೀಗೆ: "ಜುಲೈ 1ರಿಂದ 13ರವರೆಗಿನ 12 ಶಾಲಾ ದಿನಗಳಲ್ಲಿ ಬೆಳಿಗ್ಗೆ 8.40ರ ಬಸ್ಸು 5 ದಿನ ನಮ್ಮ ನಿಲ್ದಾಣದಲ್ಲಿ ನಿಲ್ಲಲಿಲ್ಲ. ದಿನವಾರು ಪಟ್ಟಿ ಲಗತ್ತಿಸಿದೆ. 8.40ರ ಬಸ್ಸನ್ನು ಇಲ್ಲಿ ಕಡ್ಡಾಯವಾಗಿ ನಿಲ್ಲಿಸುವಂತೆ ಸೂಚಿಸಬೇಕೆಂದು ಕೋರುತ್ತೇವೆ." ಕೇಳೋದು ಒಂದೇ ವಿಷಯ ಇರ್ಲಿ. ಡ್ರೈವರ್ ಹೆಸರು, ಕಂಡಕ್ಟರ್ ಹೆಸರು ಬೇಡ, ಬೈಗುಳ ಬೇಡ. ಮನುಷ್ಯರ ಮೇಲೆ ದೂರು ಕೊಡೋದು ಬೇರೆ, ಕೆಲಸ ಕೇಳೋದು ಬೇರೆ, ಮಕ್ಕಳು ಮಾಡ್ಬೇಕಾಗಿರೋದು ಎರಡನೇದು.

ಎರಡು ಪ್ರತಿ ತಗೊಂಡು ಹೋಗ್ಲಿ. ಒಂದು ಆಫೀಸಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡು ವಾಪಸ್ ತರ್ಲಿ. ಈ ಸೀಲ್ ಹಾಕಿಸ್ಕೊಳ್ಳೋದೇ ಅರ್ಧ ಪಾಠ. "ಆಯ್ತು ಇಟ್ಟು ಹೋಗಿ ಮಕ್ಳೇ, ನೋಡ್ತೀವಿ" ಅಂತಾರೆ. "ಸಾರ್, ಒಂದು ಸ್ವೀಕೃತಿ ಕೊಡಿ ಸಾರ್, ಸ್ಕೂಲಲ್ಲಿ ತೋರಿಸ್ಬೇಕು" ಅಂತ ಮೆತ್ತಗೆ ನಿಂತ್ಕೊಂಡು ಕೇಳೋದನ್ನ ಕ್ಲಾಸಲ್ಲೇ ನಾಟಕ ಮಾಡಿಸಿ ಅಭ್ಯಾಸ ಮಾಡಿಸಿ, ನೀವೇ ಗುಮಾಸ್ತರಾಗಿ ಕೂತ್ಕೊಳ್ಳಿ, ಸ್ವಲ್ಪ ಸತಾಯಿಸಿ.

ನೀರು, ಬೀದಿ ದೀಪ, ಚರಂಡಿ ಆದ್ರೆ ಗ್ರಾಮ ಪಂಚಾಯ್ತಿ. 18 ತುಂಬದೋರಿಗೆ ಗ್ರಾಮಸಭೇಲಿ ಮತ ಇಲ್ಲ ಅಂತ ಮಕ್ಕಳು ಅಲ್ಲಿಗೇ ಕೈ ಬಿಡೋದು ಬೇಡ, ಅವರಿಗೇ ಅಂತ ಮಕ್ಕಳ ಗ್ರಾಮಸಭೆ ಇದೆ. ಕುಂದಾಪುರ ತಾಲೂಕಿನ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯ್ತಿ ಅಂತ ಶುರುವಾಗಿ, ಮುಂದೆ ರಾಜ್ಯದ ಎಲ್ಲಾ ಗ್ರಾಮ ಪಂಚಾಯ್ತಿಲೂ ವರ್ಷಕ್ಕೊಂದು ಮಕ್ಕಳ ಗ್ರಾಮಸಭೆ ನಡೆಸ್ಬೇಕು ಅಂತ ಸರ್ಕಾರದ ಆದೇಶವೇ ಆಯ್ತು. ಸಾಮಾನ್ಯವಾಗಿ ನವೆಂಬರ್ 14ರಿಂದ ಈಚೆಗೆ ಮಾಡ್ತಾರೆ. ಬಹಳ ಕಡೆ ಅದು ಹೆಂಗೆ ನಡೆಯತ್ತೆ ಅಂದ್ರೆ ಒಂದು ಡ್ಯಾನ್ಸು, ಒಂದು ಭಾಷಣ, ಬಿಸ್ಕತ್ತು, ಫೋಟೋ, ಮುಗೀತು. ನಿಮ್ಮ ತಂಡ ಎರಡು ತಿಂಗಳ ಲೆಕ್ಕ ಹಿಡ್ಕೊಂಡು ಹೋದ್ರೆ ಆ ಸಭೆಯ ರೀತಿನೇ ಬೇರೆ ಆಗತ್ತೆ. ಹೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸ್ಕೊಂಡು ಬರೋದು ಮರೀಬೇಡಿ, ಬರೆದಿಲ್ಲ ಅಂದ್ರೆ ಹೇಳಿಲ್ಲ ಅಂತಾನೇ ಲೆಕ್ಕ.

ನೀರಿನ ಪ್ರಾಜೆಕ್ಟಿಗೆ ಒಂದು ಅನುಕೂಲ ಇದೆ, ಜಲ ಜೀವನ್ ಮಿಷನ್‌ನಲ್ಲಿ ಪಂಚಾಯ್ತಿಗಳಿಗೆ ನೀರು ಪರೀಕ್ಷೆ ಮಾಡೋ ಕಿಟ್ ಕೊಟ್ಟಿದಾರೆ. ಕೇಳಿದ್ರೆ ನೀರುಗಂಟಿನೋ ತರಬೇತಿ ತಗೊಂಡಿರೋ ಹೆಂಗಸರೋ ಬಂದು ತೋರಿಸ್ತಾರೆ. ಬ್ಯಾಕ್ಟೀರಿಯಾ ನೋಡೋ ಚಿಕ್ಕ ಬಾಟಲಿಗೆ ಗೀಟಿನವರೆಗೂ ನೀರು ತುಂಬಿ ಮುಚ್ಚಿ 24ರಿಂದ 48 ಗಂಟೆ ಇಟ್ರೆ, ಕೊಳಕು ಸೇರಿದ್ರೆ ನೀರು ಕಪ್ಪಗಾಗತ್ತೆ, ಇದನ್ನ ನೋಡಿದ ಮಗುಗೆ ಬೇರೆ ಪಾಠ ಬೇಕಾಗಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರಾದ್ರೆ ಫ್ಲೋರೈಡ್ ನೋಡಿ, ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಸರಿ, ಬೇರೆ ನೀರಿಲ್ಲ ಅಂದ್ರೆ 1.5ರವರೆಗೆ ಅಂತ ಮಿತಿ. ಕಿಟ್‌ನಲ್ಲಿ ಬಣ್ಣ ಹೋಲಿಸಿ ನೋಡೋದಷ್ಟೇ, ಕರಾರುವಾಕ್ಕಾದ ಲೆಕ್ಕ ಬೇಕು ಅಂದ್ರೆ ಲ್ಯಾಬಿಗೆ ಕಳಿಸಿ ಅಂತ ಪಿಡಿಓಗೆ ಅರ್ಜಿ ಬರೀಲಿ. ಅದೂ ಒಂದು ಅರ್ಜಿ ಆಯ್ತಲ್ಲ.

ಉತ್ತರ ಬರ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು, ಅಂದ್ರೆ ಆರ್‌ಟಿಐ. 2005ರ ಕಾಯ್ದೆ, ಫೀಸು 10 ರೂಪಾಯಿ, ನಮ್ಮ ರಾಜ್ಯದಲ್ಲಿ ನಮೂನೆ-ಎ, ಒಂದು ಅರ್ಜೀಲಿ ಒಂದೇ ವಿಷಯ, 150 ಪದದ ಒಳಗೆ, ಉತ್ತರಕ್ಕೆ 30 ದಿನ. ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. ಅರ್ಜಿ ಒಬ್ಬ ಪೋಷಕರ ಹೆಸರಲ್ಲಿ ಹೋಗ್ಲಿ, ಬರೆಯೋದು ಮಕ್ಕಳು. "ಟ್ಯಾಂಕ್ ಯಾಕೆ ತೊಳೆದಿಲ್ಲ" ಅಂತ ಕೇಳಿದ್ರೆ ಉತ್ತರ ಬರಲ್ಲ, ಯಾಕೆ ಅನ್ನೋದು ಮಾಹಿತಿ ಅಲ್ಲ. "ಕಳೆದ 12 ತಿಂಗಳಲ್ಲಿ ಟ್ಯಾಂಕ್ ತೊಳೆದ ದಿನಾಂಕಗಳು ಮತ್ತು ಖರ್ಚಿನ ವೋಚರ್ ಪ್ರತಿ" ಅಂತ ಕೇಳಿದ್ರೆ ಕಾಗದ ಕೊಡಲೇಬೇಕು. ಆದ್ರೆ ಒಂದು ಮಾತು, ಮೊದಲೇ ಆರ್‌ಟಿಐ ಹಿಡ್ಕೊಂಡು ಹೋಗ್ಬೇಡಿ. ಹಳ್ಳೀಲಿ ಆರ್‌ಟಿಐ ಅಂದ್ರೆ ಜಗಳ ಅಂತಾನೇ ಅರ್ಥ, ತಂಡದಲ್ಲಿರೋ ಒಂದು ಮಗುವಿನ ಚಿಕ್ಕಪ್ಪಾನೇ ಪಂಚಾಯ್ತಿ ಮೆಂಬರ್ ಆಗಿರ್ತಾರೆ. ಮುಂಚೆ ಪಿಡಿಓ ಹತ್ರ ನೀವೊಬ್ಬರೇ ಹೋಗಿ, ಹಿಂಗಿಂಗೆ ಮಕ್ಕಳ ಕೈಲಿ ಮಾಡಿಸ್ತಿದೀವಿ ಸಾರ್, ನಿಮ್ಮ ಸಹಕಾರ ಬೇಕು ಅಂತ ಹೇಳಿ ಬನ್ನಿ, ಎಷ್ಟೋ ಪಿಡಿಓಗಳಿಗೆ ನಿಜಕ್ಕೂ ಖುಷಿ ಆಗತ್ತೆ.

ಬೆಂಗಳೂರು, ಮೈಸೂರಿನಂಥ ಕಡೆ ಪಂಚಾಯ್ತಿ ಬದಲು ವಾರ್ಡ್ ಎಂಜಿನಿಯರ್ ಆಫೀಸು, ಅಷ್ಟೇ ವ್ಯತ್ಯಾಸ. ಅಪಾರ್ಟ್‌ಮೆಂಟ್ ಮಕ್ಕಳು ಕಸ ಎಲ್ಲಿಗೆ ಹೋಗತ್ತೆ ಅಂತ ಲಾರಿ ಹಿಂದೆ ಬಿದ್ದು ಕೊನೇವರೆಗೂ ಹುಡುಕಿದ್ರೆ ಅದೇ ದೊಡ್ಡ ಪ್ರಾಜೆಕ್ಟು.

ಇನ್ನೊಂದು, ಶಾಲಾ ಸಂಸತ್ತು. ಜೂನ್‌ನಲ್ಲಿ ಚುನಾವಣೆ ಜೋರಾಗಿ ಮಾಡ್ತೀವಿ, ಮೊಬೈಲ್ ಆ್ಯಪಲ್ಲಿ ಇವಿಎಂ ಮಾಡಿ ಬೆರಳಿಗೆ ಶಾಯಿ ಹಾಕಿ ಪ್ರಮಾಣ ವಚನ ಬೋಧಿಸಿ, ಆಮೇಲೆ ಆಹಾರ ಮಂತ್ರಿ ತಟ್ಟೆ ಎಣಿಸೋಕೆ, ಸ್ವಚ್ಛತಾ ಮಂತ್ರಿ ಪೊರಕೆ ಹಿಡಿಯೋಕೆ. ನಿಮ್ಮ ಪೌರತ್ವದ ತಂಡವನ್ನ ವಿರೋಧ ಪಕ್ಷ ಮಾಡಿ, ತಿಂಗಳಿಗೊಂದು ಶನಿವಾರ ಅರ್ಧ ಗಂಟೆ ಪ್ರಶ್ನೋತ್ತರ ಇಡಿ. ಹುಡುಗೀರ ಟಾಯ್ಲೆಟ್‌ಗೆ ಚಿಲಕ ಯಾಕಿಲ್ಲ ಅಂತ ಪ್ರಶ್ನೆ ಬಂದ್ರೆ ಮಂತ್ರಿ ಎಚ್‌ಎಂ ಮುಖ ನೋಡ್ತಾನೆ, ಎಚ್‌ಎಂ ಸೀಲಿಂಗ್ ನೋಡ್ತಾರೆ, ಮುಂದಿನ ಸೋಮವಾರ ಚಿಲಕ ಬಂದಿರತ್ತೆ.

ಆರೋಗ್ಯ: ನೀಲಿ ಮಾತ್ರೆ, ಪ್ಯಾಕೆಟ್ಟು, ಮತ್ತೆ ಬಾಯಿ ಮುಚ್ಕೊಂಡಿರೋ ವಿಷಯಗಳು

ಇಲ್ಲಿ ಮೊದಲು ಏನು ಮಾಡಬಾರದು ಅಂತ ಹೇಳ್ಬಿಡ್ತೀನಿ. ಕ್ಲಾಸಲ್ಲಿ ಸಾಲಾಗಿ ನಿಲ್ಲಿಸಿ ತೂಕ ಹಾಕಿ ಬಿಎಂಐ ಜೋರಾಗಿ ಓದಬೇಡಿ. ದಪ್ಪಗಿರೋ ಮಗುಗೆ, ಸಣ್ಣಗಿರೋ ಮಗುಗೆ ಅಡ್ಡಹೆಸರು ಇಟ್ಟಾಗಿರತ್ತೆ, ಅದಕ್ಕೆ ನೀವು ನಂಬರ್ ಕೊಟ್ಟಂಗಾಗತ್ತೆ. ಹಾಗೇ "ಎಲ್ಲರೂ ನಿಮ್ಮ ಮನಸ್ಸಿನ ನೋವು ಹೇಳ್ಕೊಳ್ಳಿ" ಅಂತ ದುಂಡಗೆ ಕೂರಿಸಿ ಅಳಿಸೋದೂ ಬೇಡ, ಅದನ್ನ ನಿಭಾಯಿಸೋ ತರಬೇತಿ ನಮಗಿಲ್ಲ.

ಮಾಡಬೇಕಾಗಿರೋದು, ಕೈಗೆ ಸಿಗೋ ಕೆಲಸ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಸ್ಕೂಲಿಗೆ ಬರತ್ತೆ, ನೀಲಿ ಬಣ್ಣದ್ದು. ಎಷ್ಟು ಮಕ್ಕಳು ನುಂಗ್ತಾರೆ, ಎಷ್ಟು ಕಿಟಕಿ ಆಚೆ ಹೋಗತ್ತೆ ಅನ್ನೋದು ಕಸ ಗುಡಿಸೋ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆರೋಗ್ಯ ತಂಡ ಹೆಸರು ಬರೆಯದ ಚೀಟೀಲಿ ಎಲ್ಲಾ ಕ್ಲಾಸಿಗೂ ಕೇಳಲಿ: ನುಂಗ್ತೀರಾ, ಇಲ್ಲ ಅಂದ್ರೆ ಯಾಕೆ. ಹೊಟ್ಟೆ ತೊಳೆಸತ್ತೆ, ಮಲ ಕಪ್ಪಗೆ ಹೋಗತ್ತೆ, ಅಮ್ಮ ಬೇಡ ಅಂದಿದಾರೆ, ಹೀಗೇ ಏನೇನೋ ಕಾರಣ ಬರತ್ತೆ. ಆ ಕಾರಣಗಳನ್ನ ಆಶಾ ಅಕ್ಕನ ಹತ್ರನೋ ಪಿಎಚ್‌ಸಿ ಡಾಕ್ಟರ್ ಹತ್ರನೋ ತಗೊಂಡು ಹೋಗಿ ಒಂದೊಂದಕ್ಕೂ ಉತ್ತರ ಬರೆಸ್ಕೊಂಡು ಬರ್ಲಿ. ಖಾಲಿ ಹೊಟ್ಟೇಲಿ ಬೇಡ, ಬಿಸಿಯೂಟ ಆದ ಮೇಲೆ ನುಂಗಿ, ಮಲ ಕಪ್ಪಗಾಗೋದು ಕಬ್ಬಿಣಾಂಶದಿಂದ, ಅದರಿಂದ ಭಯ ಇಲ್ಲ, ಊಟ ಆದ ತಕ್ಷಣ ಟೀ ಕುಡಿದ್ರೆ ಕಬ್ಬಿಣ ಮೈಗೆ ಹತ್ತೋದು ಕಮ್ಮಿ, ನಿಂಬೆಹಣ್ಣು ನೆಲ್ಲಿಕಾಯಿ ಜೊತೆಗಿದ್ರೆ ಜಾಸ್ತಿ. ಈ ನಾಲ್ಕು ಮಾತನ್ನ ಮಕ್ಕಳೇ ಪ್ರತಿ ಕ್ಲಾಸಿಗೆ ಹೋಗಿ ಐದು ನಿಮಿಷ ಹೇಳ್ಲಿ, ಆಮೇಲೆ ಒಂದು ತಿಂಗಳು ಬಿಟ್ಟು ಅದೇ ಚೀಟಿ ಮತ್ತೆ ಕೊಡ್ಲಿ. ಮೊದಲನೇ ಸಲದ ಲೆಕ್ಕ, ಎರಡನೇ ಸಲದ ಲೆಕ್ಕ, ಅಷ್ಟೇ ರಿಪೋರ್ಟು.

ಪ್ಯಾಕೆಟ್ ಪ್ರಾಜೆಕ್ಟು ಮಕ್ಕಳಿಗೆ ತುಂಬಾ ಇಷ್ಟ ಆಗತ್ತೆ. ಸ್ಕೂಲ್ ಮುಂದಿನ ಅಂಗಡೀಲಿ ಸಿಗೋ ಐದು ರೂಪಾಯಿ ಹತ್ತು ರೂಪಾಯಿ ಪ್ಯಾಕೆಟ್‌ಗಳ ಖಾಲಿ ಕವರ್ ಆರಿಸ್ಕೊಂಡು ಬರ್ಲಿ (ಕೊಂಡ್ಕೋಬೇಡಿ, ಕಾಂಪೌಂಡ್ ಹತ್ರಾನೇ ಬೇಕಾದಷ್ಟು ಬಿದ್ದಿರತ್ತೆ). ಹಿಂದಗಡೆ ಇರೋ ಪಟ್ಟಿ ಓದೋದು ಕಲಿಸಿ. ಅಲ್ಲಿ 100 ಗ್ರಾಂಗೆ ಎಷ್ಟು ಅಂತ ಇರತ್ತೆ, ಪ್ಯಾಕೆಟ್ ಇರೋದು 20 ಗ್ರಾಂ, ಹಂಗಾಗಿ ಭಾಗಾಕಾರ ಮಾಡ್ಬೇಕು. ಸಕ್ಕರೆ 4 ಗ್ರಾಂ ಅಂದ್ರೆ ಸುಮಾರು ಒಂದು ಟೀ ಚಮಚ. ಉಪ್ಪು ಅಂತ ಬರೆದಿರಲ್ಲ, ಸೋಡಿಯಂ ಅಂತ ಮಿಲಿಗ್ರಾಂನಲ್ಲಿ ಇರತ್ತೆ, ಅದನ್ನ ಎರಡೂವರೆಯಿಂದ ಗುಣಿಸಿದ್ರೆ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡೋರಿಗೇ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ ಇರ್ಲಿ ಅಂತ. ಕೋಲಾ ತರದ ಡ್ರಿಂಕ್‌ನಲ್ಲಿ 100 ಎಂಎಲ್‌ಗೆ 10-11 ಗ್ರಾಂ ಸಕ್ಕರೆ ಇರತ್ತೆ, 600 ಎಂಎಲ್ ಬಾಟಲಿಗೆ ಲೆಕ್ಕ ಹಾಕಿ ಅಷ್ಟು ಚಮಚ ಸಕ್ಕರೆಯನ್ನ ಒಂದು ಗಾಜಿನ ಲೋಟಕ್ಕೆ ಎಲ್ಲರೆದುರಿಗೆ ಸುರಿಯೋಕೆ ಹೇಳಿ, ಹದಿನೈದು ಚಮಚ ದಾಟೋವಾಗ ಕ್ಲಾಸಲ್ಲಿ ಬರೋ ಸದ್ದೇ ಬೇರೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಇಲಾಖೆ) ಲೈಸೆನ್ಸ್ ನಂಬರ್ 14 ಅಂಕಿ ಇದ್ಯಾ, ತಾರೀಖು ಮುಗಿದಿದ್ಯಾ ಅಂತಾನೂ ನೋಡ್ಲಿ. ಇದು ಯಾರ ಕೈಗೆ ಹೋಗ್ಬೇಕು? ಅಂಗಡಿ ಅಣ್ಣನ ಕೈಗೆ. "ಅಣ್ಣಾ, ಕಡ್ಲೆಕಾಯಿ ಚಿಕ್ಕಿ, ಹುರಿಗಡಲೆ, ಬಾಳೆಹಣ್ಣು ಇಟ್ರೆ ನಾವು ತಗೋತೀವಿ" ಅಂತ ನಲವತ್ತು ಮಕ್ಕಳು ಸಹಿ ಹಾಕಿ ಕೊಟ್ರೆ ಅಣ್ಣ ಯಾಕೆ ಇಡಲ್ಲ, ಇಡ್ತಾರೆ, ವ್ಯಾಪಾರ ತಾನೇ.

ಮುಟ್ಟಿನ ವಿಷಯ ಹುಡುಗೀರಿಗೆ ಮಾತ್ರ ಅಂತ ಬೇರೆ ರೂಮಿಗೆ ಕರ್ಕೊಂಡು ಹೋಗೋದು ಒಂದು ಸಲ ಸರಿ, ಪ್ರಶ್ನೆ ಕೇಳೋಕೆ ಧೈರ್ಯ ಬರತ್ತೆ. ಆದ್ರೆ ಪ್ಯಾಡ್ ಸುಡೋಕೆ ಜಾಗ, ನೀರು, ಬಕೆಟ್ಟು, ಚಿಲಕ, ಇದರ ಪಟ್ಟಿ ಮಾಡೋದ್ರಲ್ಲಿ ಹುಡುಗ್ರೂ ಇರ್ಲಿ. ಲೇಡಿ ಟೀಚರ್ ಇಲ್ಲದ ಸ್ಕೂಲಾದ್ರೆ ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಅಥವಾ ಆಶಾ ಅವರನ್ನ ಕರೆಸಿ.

ಮನಸ್ಸಿನ ವಿಷಯಕ್ಕೆ ಬಂದ್ರೆ ಮಕ್ಕಳ ಕೆಲಸ ಏನಂದ್ರೆ ನಂಬರ್‌ಗಳ ಕಾರ್ಡ್ ಮಾಡೋದು, ಪ್ರತಿ ಮಗುವಿನ ಡೈರೀಲೂ ಒಂದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಈ ಟೆಲಿ ಮಾನಸ್ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇನ್ನು ನಿಮಗೆ ಒಂದು ಮಾತು, ಇಂಥ ಪ್ರಾಜೆಕ್ಟ್ ಮಾಡೋವಾಗ ಒಂದಲ್ಲ ಒಂದು ಮಗು ಪಕ್ಕಕ್ಕೆ ಬಂದು ಏನೋ ಹೇಳತ್ತೆ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿಸಲೇಬೇಕು, ತಿಳಿಸದೇ ಇರೋದೇ ಅಪರಾಧ. ಬಾಲ್ಯ ವಿವಾಹದ ಸುದ್ದಿ ಬಂದ್ರೂ 1098. ಮಗು ಹೇಳಿದ್ದನ್ನ ಸ್ಟಾಫ್ ರೂಮಲ್ಲಿ ಹಂಚ್ಕೋಬೇಡಿ.

ಜೀವನ ಕೌಶಲ: ಹೆಸರು ತಾಳೆ ನೋಡೋದು

ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಜೀವನ ಕೌಶಲಗಳ ಪಟ್ಟಿ ಟ್ರೈನಿಂಗಲ್ಲಿ ಎಲ್ಲರೂ ಬರ್ಕೊಂಡಿರ್ತೀವಿ, ಅದನ್ನ ಇಲ್ಲಿ ಮತ್ತೆ ಹೇಳಲ್ಲ. ನನ್ನ ಪ್ರಕಾರ 9ನೇ ಕ್ಲಾಸಿನ ಮಗುಗೆ ಅತಿ ಹೆಚ್ಚು ಉಪಯೋಗಕ್ಕೆ ಬರೋ ಪ್ರಾಜೆಕ್ಟು ಅಂದ್ರೆ ತನ್ನದೇ ಕಾಗದ ಪತ್ರ ಜೋಡಿಸ್ಕೊಳ್ಳೋದು.

ಒಂದು ಶೀಟ್ ಮಾಡಿ. ಎಡಗಡೆ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ತಾರೀಖು. ಮೇಲ್ಗಡೆ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಎಸ್‌ಎಟಿಎಸ್ (ಮಗುವಿನ ಆನ್‌ಲೈನ್ ದಾಖಲೆ), ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪತ್ರ. ಮಗು ಮನೆಯಿಂದ ಜೆರಾಕ್ಸ್ ತಂದು ಒಂದೊಂದರಲ್ಲೂ ಇದ್ದದ್ದು ಇದ್ದಂಗೆ, ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದು ಅಕ್ಷರ ನೋಡಿ, ಬರೀಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಮಂಜುನಾಥನ ಸ್ಪೆಲ್ಲಿಂಗಲ್ಲಿ ಒಂದು ಕಡೆ ಎಚ್ ಇದೆ, ಇನ್ನೊಂದು ಕಡೆ ಇಲ್ಲ. ಹುಟ್ಟಿದ ತಾರೀಖು ಮೂರು ಕಡೆ ಮೂರು ತರ, ಯಾಕಂದ್ರೆ ಒಂದನೇ ಕ್ಲಾಸಿಗೆ ಸೇರಿಸೋವಾಗ ತಾತ ಬಂದು ಬಾಯಿಗೆ ಬಂದ ತಾರೀಖು ಬರೆಸಿರ್ತಾರೆ. ಇದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ಗೆ ಹೋದ್ರೆ ಆಮೇಲೆ ತಿದ್ದಿಸೋಕೆ ಓಡಾಡೋ ಪಾಡು ಯಾರಿಗೂ ಬೇಡ, ಸ್ಕಾಲರ್‌ಶಿಪ್ಪೂ ಅಲ್ಲೇ ಸಿಕ್ಕಾಕೊಳ್ಳತ್ತೆ. 9ನೇ ಕ್ಲಾಸಲ್ಲೇ ಹಿಡಿದ್ರೆ ಟೈಮ್ ಇರತ್ತೆ. ಅಂದಹಾಗೆ 15 ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು ಮತ್ತೆ ಕೊಡಬೇಕು, 17 ಆಗೋ ಒಳಗೆ ಮಾಡಿಸಿದ್ರೆ ದುಡ್ಡಿಲ್ಲ, ಅದನ್ನೂ ಶೀಟಲ್ಲಿ ಒಂದು ಕಾಲಂ ಮಾಡಿ. ಈ ಶೀಟ್‌ಗಳು ಗೋಡೆ ಮೇಲೆ ಅಂಟಿಸೋಕಲ್ಲ, ಆಧಾರ್ ನಂಬರ್ ಪೂರ್ತಿ ಬರೆಸ್ಲೇಬೇಡಿ, ಕೊನೇ ನಾಲ್ಕು ಅಂಕಿ ಸಾಕು, ನೋಡಿ ಮುಗಿದ ಮೇಲೆ ಮಗುವಿನ ಮನೆಗೇ ವಾಪಸ್. ಅಪ್ಪನ ಹೆಸರು ಬರೆಯೋಕೆ ಇಷ್ಟ ಇಲ್ಲದ ಮಕ್ಕಳೂ ಇರ್ತಾರೆ, ಆ ಕಾಲಂ ಖಾಲಿ ಬಿಟ್ರೆ ಕಾರಣ ಕೇಳಬೇಡಿ.

ತಿದ್ದುಪಡಿಗೋ ಜಾತಿ ಆದಾಯ ಪತ್ರಕ್ಕೋ ನಾಡಕಚೇರಿಗೆ ಹೋದಾಗ ಸಕಾಲದ (ಸರ್ಕಾರಿ ಕೆಲಸ ಇಷ್ಟು ದಿನದಲ್ಲಿ ಆಗ್ಬೇಕು ಅನ್ನೋ ಯೋಜನೆ) ರಸೀದಿ ಕೇಳಿ ತಗೊಳ್ಳೋದು ಕಲಿಸಿ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ನಂಬರ್ ಇರತ್ತೆ, ಕೆಲಸ ಎಷ್ಟು ದಿನದಲ್ಲಿ ಆಗ್ಬೇಕು ಅಂತಾನೂ ಇರತ್ತೆ. ತಡ ಆದ್ರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳೋ ಹಕ್ಕು ಕಾಯ್ದೇಲೇ ಇದೆ ಅಂದ್ರೆ ಮಕ್ಕಳು ನಂಬಲ್ಲ.

ಮಿಕ್ಕಿದ್ದು ಬೇಗ ಹೇಳ್ತೀನಿ. ಕರೆಂಟ್ ಬಿಲ್ ಓದೋದು: 1000 ವ್ಯಾಟ್ ಒಂದು ಗಂಟೆ ಓಡಿದ್ರೆ ಒಂದು ಯೂನಿಟ್, 75 ವ್ಯಾಟ್ ಫ್ಯಾನ್ ಹತ್ತು ಗಂಟೆಗೆ ಮುಕ್ಕಾಲು ಯೂನಿಟ್, ಗೃಹಜ್ಯೋತಿ ಇರೋ ಮನೇಲೂ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಹಂಗಾಗಿ ಅಮ್ಮನಿಗೆ ಈ ಲೆಕ್ಕ ಬೇಕೇ ಬೇಕು. ಅಡುಗೆ: ಹುಡುಗ್ರು ಅನ್ನ, ಸಾರು, ಒಂದು ಪಲ್ಯ ಮಾಡಿ ಮನೆಯವರಿಗೆ ಬಡಿಸ್ಲಿ, ಪಾತ್ರೆನೂ ತೊಳೀಲಿ, ಸಹಿ ಅಮ್ಮ ಹಾಕ್ಲಿ.

ಫೋನ್ ಮೋಸದ ವಿಷಯಕ್ಕೆ ಮಾತ್ರ ಸ್ವಲ್ಪ ಟೈಮ್ ಕೊಡಿ. ಮಗು ಮನೇಲಿ ಅಜ್ಜಿಗೆ ಪರೀಕ್ಷೆ ಮಾಡ್ಲಿ, ನಾಟಕ ಅಂತ ಮೊದಲೇ ಹೇಳಿ:

"ಅಜ್ಜೀ, ನಾನು ಬ್ಯಾಂಕಿನವನು ಅನ್ಕೋ. ನಿಮ್ಮ ಎಟಿಎಂ ಬ್ಲಾಕ್ ಆಗಿದೆ ಅಮ್ಮಾ, ಫೋನಿಗೆ ಒಂದು ನಂಬರ್ ಬಂದಿದೆ ನೋಡಿ, ಅದನ್ನ ಹೇಳಿ."

"ಎಲ್ಲೋ ಇದೆ, ಕನ್ನಡಕ ತಡಿ..."

"ಅಜ್ಜೀ! ಹೇಳಬಾರದು!"

"ಮತ್ತೆ ನೀನೇ ತಾನೇ ಕೇಳಿದ್ದು?"

ಈ ಮಾತುಕತೆಯನ್ನೇ ಬರ್ಕೊಂಡು ಬರ್ಲಿ. ಒಟಿಪಿ ಯಾರಿಗೂ ಹೇಳಬಾರದು, ದುಡ್ಡು ಬರೋಕೆ ಪಿನ್ ಒತ್ತೋದು ಬೇಕಿಲ್ಲ, ದುಡ್ಡು ಹೋಗೋಕೆ ಮಾತ್ರ ಪಿನ್, ಮೋಸ ಆದ ತಕ್ಷಣ 1930ಕ್ಕೆ ಫೋನ್. ಅಜ್ಜಿ ಇವನ್ನ ತಿರುಗಿ ಹೇಳಿದ್ರೆ ಪ್ರಾಜೆಕ್ಟ್ ಪಾಸ್, ಹೇಳಲಿಲ್ಲ ಅಂದ್ರೆ ಮುಂದಿನ ವಾರ ಮತ್ತೆ.

ಮಾರ್ಕ್ಸು, ಒಪ್ಪಿಗೆ, ಫೈಲು

ಮಾರ್ಕ್ಸನ್ನ ಫಲಿತಾಂಶಕ್ಕೆ ಕೊಡಬೇಡಿ. ಬಸ್ ನಿಲ್ಲೋಕೆ ಶುರುವಾಯ್ತಾ ಇಲ್ವಾ ಅನ್ನೋದು ಮಗುವಿನ ಕೈಲಿಲ್ಲ. ನೋಟ್‌ಬುಕ್ ಪ್ರಾಮಾಣಿಕವಾಗಿದ್ಯಾ, ಅರ್ಜಿಯ ಮೊದಲ ಪ್ರತಿಗೂ ಕೊನೇ ಪ್ರತಿಗೂ ಎಷ್ಟು ಸುಧಾರಿಸಿದೆ, ತಂಡದಲ್ಲಿ ಯಾರು ಏನು ಮಾಡಿದ್ರು, ಶುರುವಲ್ಲಿ ಅನ್ಕೊಂಡಿದ್ದು ಯಾವುದು ಸುಳ್ಳಾಯ್ತು, ಈ ನಾಲ್ಕಕ್ಕೆ ಕೊಡಿ. ಕೊನೇದಕ್ಕೆ ಜಾಸ್ತಿ ಕೊಡಿ. ಅಕ್ಷರ ಮುದ್ದಾಗಿದೆ ಅಂತ ಒಂದು ಮಾರ್ಕೂ ಬೇಡ. ಬಾಯಲ್ಲಿ ಐದು ನಿಮಿಷ ಕೇಳಿದ್ರೆ ಯಾರು ಮಾಡಿದಾರೆ, ಯಾರು ಹೆಸರು ಸೇರಿಸಿದಾರೆ ಅಂತ ಗೊತ್ತಾಗೋಗತ್ತೆ.

ಸ್ಕೂಲಿಂದ ಆಚೆ ಕಳಿಸೋ ಮುಂಚೆ ಎಚ್‌ಎಂ ಕೈಲಿ ಲಿಖಿತ ಅನುಮತಿ, ಮನೆಯವರ ಸಹಿ, ಜೊತೆಗೆ ಒಬ್ಬರು ದೊಡ್ಡೋರು, ಇದ್ರಲ್ಲಿ ರಾಜಿ ಬೇಡ. ಸಂಜೆ ಐದರ ಮೇಲೆ ಯಾವ ಸರ್ವೇನೂ ಬೇಡ. ಫೋಟೋನ ಸ್ಟೇಟಸ್‌ಗೆ, ಗ್ರೂಪ್‌ಗಳಿಗೆ ಹಾಕೋ ಚಪಲ ಎಲ್ಲರಿಗೂ ಇರತ್ತೆ, ಮಕ್ಕಳ ಮುಖ ಬರೋ ಫೋಟೋ ಹಾಕ್ಬೇಡಿ, ಸೀಲ್ ಬಿದ್ದಿರೋ ಅರ್ಜಿ ಫೋಟೋ ಹಾಕಿ, ಅದು ಇನ್ನೂ ಚೆನ್ನಾಗಿ ಕಾಣತ್ತೆ. ಖರ್ಚಿಗೆ ಜೆರಾಕ್ಸು, ಬಸ್ ಚಾರ್ಜು, ಆರ್‌ಟಿಐ ಫೀಸಿನ ಪೋಸ್ಟಲ್ ಆರ್ಡರ್ ಎಲ್ಲಾ ಸೇರಿ ತಂಡಕ್ಕೆ ಇನ್ನೂರು ರೂಪಾಯಿ ಒಳಗೆ ಮುಗಿಸಿ, ಲೆಕ್ಕ ಮಕ್ಕಳೇ ಇಡ್ಲಿ.

ಮಂಡನೆ ಅಂತ ಶಾಮಿಯಾನ, ಶಾಲು, ಹಾರ ಎಲ್ಲಾ ಬೇಡ. ಎಸ್‌ಡಿಎಂಸಿ ಮೀಟಿಂಗ್ ಹೆಂಗೂ ಇರತ್ತೆ, ಅದರಲ್ಲಿ ತಂಡಕ್ಕೆ ಹತ್ತು ನಿಮಿಷ ಕೇಳ್ಕೊಳ್ಳಿ. ಯಾರಿಗೆ ಅರ್ಜಿ ಕೊಟ್ಟಿದಾರೋ ಅವರನ್ನೇ ಕರೀರಿ, ಬರ್ಲಿಲ್ಲ ಅಂದ್ರೆ ಅವರ ಹೆಸರಿನ ಕುರ್ಚಿ ಹಾಕಿ ಅವಮಾನ ಮಾಡೋದೆಲ್ಲ ಬೇಡ, ಇನ್ನೊಂದು ಸಲ ಫೋನ್ ಮಾಡಿ.

ಮಾರ್ಚ್‌ನಲ್ಲಿ ಎಸ್‌ಎ-2 (ವರ್ಷದ ಕೊನೇ ಪರೀಕ್ಷೆ) ಗಲಾಟೆ ಶುರುವಾಗೋ ಮುಂಚೆ ಪ್ರತಿ ತಂಡಕ್ಕೂ ಒಂದು ಬಾಕ್ಸ್ ಫೈಲ್ ಕೊಟ್ಟು ನೋಟ್‌ಬುಕ್ಕು, ಸ್ವೀಕೃತಿ, ಬಂದ ಉತ್ತರ ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿ, ಮೇಲೆ ಒಂದು ಹಾಳೇಲಿ ಏನೇನು ಬಾಕಿ ಇದೆ ಅಂತ ಬರೆಸಿ. ಆರ್‌ಟಿಐ ಉತ್ತರ ಬರದೇ 30 ದಿನ ದಾಟಿದ್ದೇನಾದ್ರೂ ಇದ್ರೆ ಮೊದಲನೇ ಮೇಲ್ಮನವಿಗೆ ಇನ್ನು 30 ದಿನ ಮಾತ್ರ, ಬೇಸಿಗೆ ರಜೇಲಿ ಆ ಗಡುವು ಜಾರಿ ಹೋಗತ್ತೆ, ಅದನ್ನ ಏಪ್ರಿಲ್ 10ಕ್ಕೆ ಮುಂಚೆ ಕಳಿಸಿಬಿಡಿ. ಜೂನ್‌ನಲ್ಲಿ ಹೊಸದಾಗಿ 9ಕ್ಕೆ ಬಂದೋರಿಗೆ 10ಕ್ಕೆ ಹೋದೋರು ಒಂದು ಪಿರಿಯಡ್ ಬಂದು ಫೈಲ್ ಬಿಚ್ಚಿ ತೋರಿಸ್ಲಿ, ಬಾಕಿ ಅರ್ಜಿಗಳಲ್ಲಿ ಯಾವುದನ್ನ ಮುಂದುವರಿಸ್ತಾರೆ, ಯಾವುದನ್ನ ಮುಚ್ತಾರೆ ಅನ್ನೋದನ್ನ ಹೊಸ ತಂಡಾನೇ ತೀರ್ಮಾನ ಮಾಡ್ಲಿ.